ಬೆಳಕು ನುಸುಳದ ಚೀಲ

ವಿಶ್ವವಿದ್ಯಾಲಯದ ಸಿನಿಮಾ ಮತ್ತು ಛಾಯಾಗ್ರಹಣ ವಿಭಾಗದಲ್ಲಿ ತಂಗಿಗೆ ಸೀಟು ಸಿಕ್ಕ ದಿನ, ದರ್ಜಿ ಅಣ್ಣ ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸಿ ಕೇಳಿದ್ದ: "ಫೋಟೋ ತೆಗೆಯೋದಕ್ಕೂ ಮೂರು ವರ್ಷ ಓದ್ಬೇಕೇನೇ?" ಕೇಳಿದನೇ ಹೊರತು ಬೇಡ ಎನ್ನಲಿಲ್ಲ. ಅಪ್ಪ ತೀರಿಹೋದಾಗ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತವನು ಅವನು.

ಮೊದಲ ಸೆಮಿಸ್ಟರಿನಲ್ಲೇ ತಂಗಿ ಅಳುತ್ತಾ ಮನೆಗೆ ಬಂದಳು. ವಾರವಿಡೀ ಬೀದಿ ಬೀದಿ ಅಲೆದು ತೆಗೆದ ಫಿಲಂ ತೊಳೆದು ನೋಡಿದರೆ ಉದ್ದಕ್ಕೂ ಕಪ್ಪು ಮಸಿ. ಫಿಲಂ ಸುರುಳಿಗೆ ಸುತ್ತಿ ತೊಳೆಯುವ ಡಬ್ಬಿಗೆ ತುಂಬಲು ವಿಭಾಗದಲ್ಲಿ ಕಪ್ಪು ಬಟ್ಟೆಯ ಚೀಲವೊಂದಿತ್ತು. ಅದರ ಎರಡು ತೋಳುಗಳೊಳಗೆ ಕೈ ತೂರಿಸಿ, ಕತ್ತಲಲ್ಲಿ ತಡವಿಯೇ ಕೆಲಸ ಮಾಡಬೇಕು. ಹೊಲಿಗೆ ಬಿಟ್ಟ ಕಡೆಯಿಂದ ಬೆಳಕು ನುಗ್ಗಿತ್ತು.

"ಅಳೋದು ಆಮೇಲೆ. ನಾಳೆ ಆ ಚೀಲ ತಗೊಂಡ್ ಬಾ" ಎಂದ ಅಣ್ಣ.

ಮರುದಿನ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮೂಗು ಮುರಿದ. ಎರಡು ಪದರ ದಪ್ಪ ಬಟ್ಟೆ ಕತ್ತರಿಸಿ, ಅಂಚು ಮಡಿಸಿ ಜೋಡಿ ಹೊಲಿಗೆ ಹಾಕಿ, ತೋಳುಗಳಿಗೆ ಎರಡೆರಡು ಎಲಾಸ್ಟಿಕ್ ಕೊಟ್ಟು ಹೊಸ ಚೀಲ ಹೊಲಿದ. ಆಮೇಲೆ ತಲೆಯನ್ನೇ ಅದರೊಳಗೆ ತೂರಿಸಿಕೊಂಡು ನಡುಬಿಸಿಲಲ್ಲಿ ನಿಂತ. ದಾರಿಹೋಕರೆಲ್ಲ ನಕ್ಕರು. ಒಳಗಿನಿಂದಲೇ ಕೂಗಿದ: "ಏನೂ ಕಾಣ್ತಿಲ್ಲ ಪುಟ್ಟೀ, ಪಾಸಾಯ್ತು!"

ಡಾರ್ಕ್‌ರೂಮ್ ಕಲಿಸುವ ಮೇಡಂ ಇನ್ನೂ ಆರು ಚೀಲ ಬೇಕೆಂದರು. ಕೊಡಲು ತಾನೇ ಹೋದ ಅಣ್ಣ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ.

"ಇದರೊಳಗೆ ಅದೇನ್ ಮಾಡ್ತಾರೆ ಮೇಡಂ?"

ಮೇಡಂ ಹಾಳಾದ ಫಿಲಂ ಒಂದನ್ನು ಬೆಳಕಿನಲ್ಲಿ ಒಮ್ಮೆ ಸುತ್ತಿ ತೋರಿಸಿ ಅವನ ಕೈಗೆ ಕೊಟ್ಟರು. ವಿದ್ಯಾರ್ಥಿಗಳು ವಾರಗಟ್ಟಲೆ ಒದ್ದಾಡುತ್ತಿದ್ದ ಕೆಲಸವನ್ನು ಅವನು ಚೀಲದೊಳಗೆ ಕೈ ತೂರಿಸಿ, ಮಾತಾಡುತ್ತಲೇ ಮುಗಿಸಿ ಡಬ್ಬಿ ಹೊರಗಿಟ್ಟ. "ಬಾಬಿನ್ನಿಗೆ ದಾರ ಸುತ್ತಿದ ಹಾಗೇ ಅಲ್ವಾ?" ಇಡೀ ತರಗತಿ ಚಪ್ಪಾಳೆ ತಟ್ಟಿತು. ಅವನ ಬರಿಗಾಲು ನೋಡಿ ಮುಜುಗರಪಟ್ಟಿದ್ದ ತಂಗಿಗೆ ಈಗ ತನ್ನ ಮೇಲೇ ನಾಚಿಕೆಯಾಯಿತು.

ಅಲ್ಲಿಂದ ಮುಂದೆ ಪ್ರತಿ ವರ್ಷ ಹೊಸಬರು ಬಂದಾಗ ಫಿಲಂ ಸುತ್ತುವುದನ್ನು ಕಲಿಸಲು ಮೇಡಂ ಅವನಿಗೆ ಹೇಳಿಕಳಿಸುತ್ತಿದ್ದರು. ಒಂದು ಶನಿವಾರ ಇಸ್ತ್ರಿ ಅಂಗಿ ತೊಟ್ಟು, ಅಂಗಡಿಗೆ ಬೀಗ ಹಾಕಿ ಹೊರಡುತ್ತಿದ್ದ. "ಕಣ್ಣು ಮುಚ್ಕೊಳ್ಳಿ. ಬಲವಂತ ಮಾಡ್ಬೇಡಿ, ಬೆರಳಿಗೇ ಗೊತ್ತಾಗುತ್ತೆ" ಎನ್ನುತ್ತಿದ್ದ. ವಿದ್ಯಾರ್ಥಿಗಳು 'ಕತ್ತಲೆ ಮೇಷ್ಟ್ರು' ಎಂದು ಹೆಸರಿಟ್ಟರು. ತಂಗಿ ಪದವಿ ಮುಗಿಸಿ ಸುದ್ದಿ ಚಾನೆಲ್ಲಿನಲ್ಲಿ ಸಂಕಲನದ ಕೆಲಸಕ್ಕೆ ಸೇರಿದ ಮೇಲೂ ಆ ಪಾಠ ನಿಲ್ಲಲಿಲ್ಲ. ಹನ್ನೊಂದು ವರ್ಷ ನಡೆಯಿತು.

ಆಮೇಲೆ ಡಿಜಿಟಲ್ ಕ್ಯಾಮೆರಾಗಳು ಬಂದವು. ಮೇಡಂ ನಿವೃತ್ತರಾದರು, ಡಾರ್ಕ್‌ರೂಮ್ ಕಂಪ್ಯೂಟರ್ ಕೋಣೆಯಾಯಿತು. ಆ ವರ್ಷ ಯಾರೂ ಕರೆಯಲಿಲ್ಲ. ಆದರೂ ಹೊಸಬರು ಬರುವ ಹೊತ್ತಿನ ಶನಿವಾರ ಅವನು ಇಸ್ತ್ರಿ ಅಂಗಿ ತೊಟ್ಟೇ ಅಂಗಡಿಯಲ್ಲಿ ಕೂತಿದ್ದನೆಂದು ಅತ್ತಿಗೆ ತಂಗಿಗೆ ಹೇಳಿದಳು.

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಗಳ ಕೂಟವಿತ್ತು. ತಂಗಿ ಅವನನ್ನೂ ಎಳೆದುಕೊಂಡು ಹೋದಳು. "ನಾನ್ಯಾಕೆ, ನಾನೇನ್ ಓದಿದ್ನಾ?" ಎಂದು ದಾರಿಯುದ್ದಕ್ಕೂ ಗೊಣಗಿದ. ಗೇಟು ದಾಟಿದ್ದೇ ತಡ, ತಲೆ ನರೆತ ಕ್ಯಾಮೆರಾಮನ್‌ಗಳು "ಮೇಷ್ಟ್ರೇ!" ಎಂದು ಮುತ್ತಿಕೊಂಡರು. ತಂಗಿಯನ್ನು ಯಾರೂ ಕೇಳಲೇ ಇಲ್ಲ. ಅವಳಿಗೆ ಅದೇ ಖುಷಿ.

ಗುಂಪು ಫೋಟೋಗೆ ಅವನನ್ನು ನಡುವೆ ನಿಲ್ಲಿಸಿದರು. ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದರೆ ಅವನು ಮಾತ್ರ ಪಕ್ಕದವನ ಕೋಟು ಹಿಡಿದು ಹೇಳುತ್ತಿದ್ದ: "ತೋಳು ಅರ್ಧ ಇಂಚು ಉದ್ದ ಆಯ್ತಲ್ಲಪ್ಪಾ. ನಾಳೆ ಅಂಗಡಿ ಕಡೆ ಬಾ."