ನಾನು ಉಳಿಸದ ತಿಮ್ಮರಾಜು

ಅದು 2005ನೇ ಇಸವಿ. ಹಿಂದೂಪುರದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ. ಆ ವರ್ಷ ನಮ್ಮ ಕಡೆ ಮಳೆ ಚೆನ್ನಾಗಿ ಸುರಿದು, ಎಷ್ಟೋ ಕಾಲದಿಂದ ಬತ್ತಿದ್ದ ಬಾವಿಗಳಿಗೂ ನೀರು ಬಂದಿತ್ತು. ಒಂದು ದಿನ ಕಲ್ಯಾಣದುರ್ಗದಿಂದ ನನ್ನ ಚಿಕ್ಕಮ್ಮನ ಮಗ ತಿಮ್ಮರಾಜು ಲ್ಯಾಬಿಗೇ ಫೋನ್ ಮಾಡಿದ.

"ಅಕ್ಕ, ಭಾನುವಾರ ಬಂದ್ಬುಡು. ನಾನು ಉಸಿರು ಕಟ್ಟೋದು ಕಲೀತಿದೀನಿ. ಹತ್ರ ಆಸ್ಪತ್ರೆಯೋರು ಒಬ್ರು ಇರ್ಬೇಕಂತೆ."

ನನಗೆ ಒಂದೂ ಅರ್ಥವಾಗಲಿಲ್ಲ. ಇವನಿಗೆ ಉಬ್ಬಸ ಬಂದಿರಬೇಕು, ಯಾರೋ ನಾಟಿ ವೈದ್ಯರು ಏನೋ ಮಾಡಿಸುತ್ತಿರಬೇಕು ಎಂದುಕೊಂಡು ಬಸ್ಸು ಹತ್ತಿದೆ.

ಮನೆ ತಲುಪಿದಾಗ ಅವನು ಹಗ್ಗದ ಮಂಚದ ಮೇಲೆ ಮುಖಕ್ಕೆ ಒದ್ದೆ ಟವೆಲ್ ಹಾಕಿಕೊಂಡು ಅಂಗಾತ ಮಲಗಿದ್ದ. ಎದೆ ಅಲುಗುತ್ತಿರಲಿಲ್ಲ. ಹೆಂಡತಿ ಈರಮ್ಮ ಪಕ್ಕದಲ್ಲೇ ಕೂತು ಗೋಡೆ ಗಡಿಯಾರ ನೋಡುತ್ತಾ ಕಡಲೆಕಾಯಿ ಸುಲಿಯುತ್ತಿದ್ದಳು. ನಾನು ಚೀಲ ಬಿಸಾಡಿ ಓಡಿಹೋಗಿ ಅವನ ಮಣಿಕಟ್ಟು ಹಿಡಿದೆ. ಈರಮ್ಮ ನಕ್ಕಳು. "ಮುಟ್ಬೇಡಿ ಅತ್ತಿಗೆ, ಇನ್ನೂ ಅರ್ಧ ನಿಮಿಷ ಐತೆ. ಮೊನ್ನೆ ಪಕ್ಕದ ಮನೆ ಅಜ್ಜಿ ಹಿಂಗೇ ನೋಡಿ ಬಾಯಿ ಬಡ್ಕೊಂಡು ಬೀದಿನೆಲ್ಲ ಸೇರಿಸ್ಬುಟ್ಟಿದ್ರು."

ಆಮೇಲೆ ವಿಷಯ ತಿಳಿಯಿತು. ಬಾವಿಗೆ ಬಿದ್ದ ಮೋಟರು, ಬಿಂದಿಗೆ ಎತ್ತಿಕೊಡುವುದು ತಿಮ್ಮರಾಜುವಿನ ಕಸುಬು. ಸೆಟ್ಟೂರಿನ ಹತ್ತಿರ ಒಂದು ತೋಟದ ಬಾವಿಯಲ್ಲಿ ಅವನು ಮುಳುಗಿದ್ದನ್ನು ಬೆಂಗಳೂರಿನಲ್ಲಿ ಈಜು ಕಲಿಸುವ ಮೇಷ್ಟ್ರೊಬ್ಬರು ನೋಡಿದ್ದರಂತೆ. ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ಸಮುದ್ರದಾಳಕ್ಕೆ ಇಳಿದು ಬರುವ ಪಂದ್ಯ ಇದೆ, ನೀನು ತಯಾರಾದರೆ ದಾಖಲೆಯನ್ನೇ ಮಾಡಬಹುದು ಎಂದಿದ್ದರು. ಅಂದಿನಿಂದ ಇವನು ಬೀಡಿ ಬಿಟ್ಟಿದ್ದ, ಟೀ ಬಿಟ್ಟಿದ್ದ. ದಿನಾ ಬೆಳಿಗ್ಗೆ ಉಸಿರು ಹಿಡಿದು ಎಷ್ಟು ಹೆಜ್ಜೆ ನಡೆಯಬಹುದೆಂದು ಊರಾಚೆ ಎಣಿಸುತ್ತಿದ್ದ. ಡಾಕ್ಟರ್ ಇಲ್ಲದೆ ಆಳಕ್ಕೆ ಇಳಿಯಬೇಡ ಎಂದು ಮೇಷ್ಟ್ರು ಕಟ್ಟುನಿಟ್ಟಾಗಿ ಹೇಳಿದ್ದರಿಂದ ನನಗೆ ಬುಲಾವ್ ಬಂದಿತ್ತು.

"ನಾನು ಡಾಕ್ಟರ್ ಅಲ್ಲ ಕಣೋ. ರಕ್ತ ತೆಗೆಯೋಳು" ಎಂದೆ.

"ಬಿಳಿ ಕೋಟು ಹಾಕ್ಕೊಂತೀಯಲ್ಲ, ಸಾಕು ಬಾ."

ಮರುದಿನ ಬೆಳಿಗ್ಗೆ ಊರಾಚೆಯ ಹಳೇ ಕಲ್ಲು ಕ್ವಾರಿಗೆ ಹೋದೆವು. ನೀರು ತುಂಬಿ ಕಪ್ಪಗೆ ನಿಂತಿತ್ತು. ತಿಮ್ಮರಾಜುವಿನ ಗೆಳೆಯ ರಾಮಾಂಜಿ ತುದಿಗೆ ಕಲ್ಲು ಕಟ್ಟಿದ ಹಗ್ಗವೊಂದನ್ನು ಇಳಿಬಿಟ್ಟ. ಎಂಬತ್ತು ಅಡಿಯಲ್ಲಿ ಒಂದು ಬಿಳಿ ಬಟ್ಟೆ ಕಟ್ಟಿತ್ತು. ಅದನ್ನು ಬಿಚ್ಚಿ ತರಬೇಕು. ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟರು. ಈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರಿನೊಳಗಿನ ಬಂಡೆಯ ಮೇಲೆ ಮೊಣಕಾಲುದ್ದ ನೀರಿನಲ್ಲಿ ನಿಂತಳು.

ತಿಮ್ಮರಾಜು ಒಂದು ಭಾರದ ಕಲ್ಲನ್ನು ಅವುಚಿಕೊಂಡು ಮುಳುಗಿದ. ಒಂದು ನಿಮಿಷವಾಯಿತು. ಒಂದೂವರೆಯಾಯಿತು. ನೀರು ಸುಮ್ಮನಿತ್ತು. ಯಾವಾಗ ಹೆದರಬೇಕು, ಯಾವಾಗ ಹೆದರಬಾರದು ಎಂಬುದೇ ನನಗೆ ಗೊತ್ತಿರಲಿಲ್ಲ. ಎರಡು ನಿಮಿಷಕ್ಕೆ ಇನ್ನೂ ಸ್ವಲ್ಪ ಇರುವಾಗ ಹಗ್ಗದ ಪಕ್ಕದಲ್ಲೇ ಅವನ ತಲೆ ಮೇಲೆ ಬಂತು. ಕೈಯಲ್ಲಿ ಬಿಳಿ ಬಟ್ಟೆ! ರಾಮಾಂಜಿ ಶಿಳ್ಳೆ ಹೊಡೆದ.

"ಹೆಂಗಿದೀಯಪ್ಪ?" ಎಂದು ಕೂಗಿದೆ.

"ಬಾಗುನ್ನಾ ಅಕ್ಕ" ಎಂದು ತೆಲುಗಿನಲ್ಲಿ, ಚೆನ್ನಾಗಿದೀನಿ ಅಂತ ಹೇಳಿ ನಕ್ಕ. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿದೆ. ನೀರು ತಣ್ಣಗಿದೆಯಲ್ಲ, ಅದಕ್ಕಿರಬೇಕು ಎಂದುಕೊಂಡೆ. ಅಷ್ಟರಲ್ಲಿ, ಬಸ್ಸಿನಲ್ಲಿ ತೂಕಡಿಸುವವರ ಹಾಗೆ ಅವನ ತಲೆ ವಾಲಿತು. ನಗು ಹಾಗೇ ಇತ್ತು. ಬಾಯಿ ನೀರಿನೊಳಕ್ಕೆ ಹೋಯಿತು.

"ನಾಟಕ ಆಡ್ತವ್ನೆ ನೋಡಕ್ಕ" ಎಂದು ರಾಮಾಂಜಿ ನಕ್ಕ. ನನಗೂ ಅರ್ಧ ಹಾಗೇ ಅನ್ನಿಸಿತು, ಇನ್ನರ್ಧ ಅಲ್ಲ ಅನ್ನಿಸಿತು. ಎರಡರ ನಡುವೆ ನಿಂತುಬಿಟ್ಟೆ.

ಈರಮ್ಮ ನಿಲ್ಲಲಿಲ್ಲ. ಸೀರೆಯಲ್ಲೇ ಧುಮುಕಿದಳು. ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದರಲ್ಲಿ ಅವನ ಗದ್ದ ಮೇಲೆತ್ತಿ, ಮುಖಕ್ಕೆ ಜೋರಾಗಿ ಊದಿದಳು. ಹಗ್ಗವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೆನ್ನೆಗೆ ಪಟಪಟ ಬಡಿದಳು. "ಉಸಿರು ತಗೋ! ತಿಮ್ಮಾ, ಉಸಿರು ತಗೋ ಅಂದೆ ಕಣೋ!" ಗಂಡನನ್ನು ಅವಳು ಹೆಸರು ಹಿಡಿದು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನು ಒಮ್ಮೆ ಗಬಕ್ಕನೆ ಉಸಿರೆಳೆದ. ರಾಮಾಂಜಿ ನೀರಿಗಿಳಿದು ಇಬ್ಬರನ್ನೂ ಬಂಡೆಯ ಮೇಲಕ್ಕೆ ಎಳೆದುಕೊಂಡ.

ನಾನು ಆಗಲೂ ದಡದಲ್ಲೇ ಇದ್ದೆ. ಸ್ಟಾಪ್‌ವಾಚ್ ಇನ್ನೂ ಓಡುತ್ತಿತ್ತು.

ಸ್ವಲ್ಪ ಹೊತ್ತಿಗೆ ತಿಮ್ಮರಾಜು ಎದ್ದು ಕೂತು, "ಹಗ್ಗ ಸರಿಯಾಗಿ ಬಿಟ್ಟಿದೀಯೇನ್ಲಾ ರಾಮಾಂಜಿ? ಈಗ ಇಳೀತೀನಿ" ಎಂದ. ನಾವು ಮುಖ ಮುಖ ನೋಡಿಕೊಂಡೆವು. ತನ್ನ ಮುಷ್ಟಿಯಲ್ಲಿದ್ದ ಬಟ್ಟೆ ನೋಡಿ, "ಇದ್ಯಾಕೆ ಇಲ್ಲೈತೆ?" ಎಂದ. ಇಳಿದದ್ದು, ಬಟ್ಟೆ ಬಿಚ್ಚಿದ್ದು, ಮೇಲೆ ಬಂದದ್ದು, ಯಾವುದೂ ಅವನಿಗೆ ನೆನಪಿರಲಿಲ್ಲ.

ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ ಅವನು ಕೇಳಿದ, "ನನ್ನ ಎತ್ತಿದ್ದು ಯಾರು?"

"ಅತ್ತಿಗೆ" ಎಂದಳು ಈರಮ್ಮ. ನೀರು ತೊಟ್ಟಿಕ್ಕುವ ಸೀರೆಯಲ್ಲಿ ಕೂತು, ಕಣ್ಣು ಮಿಟುಕಿಸದೆ ಹೇಳಿದಳು. "ನಾನು ಬರೀ ಹಿಡ್ಕೊಂಡೆ. ಹಿಂಗ್ ಮಾಡು, ಹಂಗ್ ಮಾಡು ಅಂತ ಹೇಳಿ ಉಳಿಸಿದ್ದು ಅವ್ರೇ. ಇನ್ನೊಂದ್ಸಲ ಆಳಕ್ಕಿಳಿದ್ರೆ ಹೋಗ್ಬುಡ್ತೀಯಂತೆ. ಅವ್ರೇ ಹೇಳವ್ರೆ."

ನಾನು ಬಾಯಿ ತೆರೆದೆ. ಅವಳು ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಅದುಮಿದಳು. ಮುಚ್ಚಿದೆ.

ಡಾಕ್ಟರು ನೋಡಿ, ಅಪಾಯವಿಲ್ಲ, ಎರಡು ದಿನ ಮಲಗಲಿ ಎಂದರು. ಸಂಜೆ ಈರಮ್ಮ ನನ್ನನ್ನು ಬಸ್ಸಿಗೆ ಬಿಡಲು ಬಂದಳು. ಯಾಕೆ ಹಾಗೆ ಸುಳ್ಳು ಹೇಳಿದೆ ಎಂದು ಕೇಳಿದೆ.

"ರಾಮಾಂಜಿಗೂ ಬಾಯ್ಬಿಡ್ಬೇಡ ಅಂದಿದೀನಿ. ನಾನು ಎತ್ತಿದೆ ಅಂದ್ರೆ, ಹೆಂಗೂ ಈರಿ ಇದಾಳೆ ಅಂತ ನಾಳೇನೇ ಇಳೀತಾನೆ ಅತ್ತಿಗೆ. ನಾನು ಬೇಡ ಅಂದ್ರೆ ಹೆಂಗಸಿನ ಹೆದರಿಕೆ ಅಂತಾನೆ. ನೀವು ಬೇಡ ಅಂದ್ರೆ ಕೇಳ್ತಾನೆ."

ಕೇಳಿದ ಕೂಡ. ಮೇಷ್ಟ್ರಿಗೆ ಫೋನ್ ಮಾಡಿ, ಆಗಲ್ಲ ಎಂದುಬಿಟ್ಟನಂತೆ. ಈಗಲೂ ಮೋಟರು ಎತ್ತುತ್ತಾನೆ, ಇಪ್ಪತ್ತು ಮೂವತ್ತು ಅಡಿಯಷ್ಟೇ. ನೆಂಟರ ನಡುವೆ ನನ್ನನ್ನು ಕಂಡಾಗಲೆಲ್ಲ "ಈ ಜೀವ ಉಳಿಸಿದ್ದು ನಮ್ಮಕ್ಕ" ಎನ್ನುತ್ತಾನೆ. ಎಲ್ಲರೂ ನನ್ನತ್ತ ತಿರುಗಿ ನೋಡುತ್ತಾರೆ. ನಾನು ಇಲ್ಲ ಎಂದಿಲ್ಲ, ಹೌದು ಎಂದೂ ಇಲ್ಲ. ಒಂದು ಜೀವ ಕಾಯಲು ಆ ಸುಳ್ಳು ಬೇಕಿತ್ತೋ, ಅಥವಾ ಸರಿಯಾಗಿ ಕಲಿಸುವವರ ಕೈಗೆ ಸಿಕ್ಕಿದ್ದರೆ ಅವನು ಸಮುದ್ರವನ್ನೂ ಗೆಲ್ಲುತ್ತಿದ್ದನೋ, ನನಗೆ ಇಂದಿಗೂ ತಿಳಿಯದು.

ಮೊನ್ನೆ ಒಂದು ಮದುವೆಯಲ್ಲಿ ಊಟಕ್ಕೆ ಪಕ್ಕದಲ್ಲೇ ಕೂತವನು ದನಿ ತಗ್ಗಿಸಿ ಕೇಳಿದ. "ಅಕ್ಕ, ನಿಜ ಹೇಳು. ನಾನು ಆ ಪಂದ್ಯಕ್ಕೆ ಹೋಗಿದ್ರೆ ನನ್ ಕೈಲಿ ಆಗ್ತಿತ್ತಾ?"

ಈರಮ್ಮ ಎದುರು ಸಾಲಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದಳು. ನಮ್ಮ ಕಡೆ ನೋಡುತ್ತಿರಲಿಲ್ಲ.

"ಗೊತ್ತಿಲ್ಲ ಕಣಪ್ಪ" ಎಂದೆ. ಇಷ್ಟು ವರ್ಷಗಳಲ್ಲಿ ಆ ವಿಷಯವಾಗಿ ನಾನು ಅವನಿಗೆ ಹೇಳಿದ ಒಂದೇ ನಿಜ ಅದು.