ತೂಕದಕ್ಕ ಕಾರು ಹಗುರ ಮಾಡಿದ್ದು

ಒಂದು ಭಾನುವಾರ ಬೆಳಿಗ್ಗೆ ನಮ್ಮಕ್ಕ ತನ್ನ ಪುಟ್ಟ ಕಾರಿನ ಹಿಂದಿನ ಸೀಟನ್ನು ಬಿಚ್ಚಿ ತಂದು ನನ್ನ ಅಂಗಡಿಯ ಮುಂದೆ ಇಳಿಸಿದಳು. ನನ್ನದು ವಾಹನಗಳ ಸೀಟು ಹೊಲಿಯುವ ಕಸುಬು. ಎಲ್ಲೋ ಹರಿದಿರಬೇಕೆಂದು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಬಿಡುವುದಾದರೂ ಹೇಗೆ, ಹೊಲಿದವನು ನಾನೇ.

“ಇದಕ್ಕೇನಾಗಿದೆ ಅಕ್ಕಾ?”

“ಏನೂ ಆಗಿಲ್ಲ. ಇಲ್ಲೇ ಇಟ್ಕೊ. ಇಪ್ಪತ್ತೆರಡು ಕಿಲೋ ಇದೆ.”

ಏನೂ ಆಗದ ಸೀಟನ್ನು ಯಾಕೆ ಬಿಚ್ಚಬೇಕು, ಅದರ ತೂಕ ಕಟ್ಟಿಕೊಂಡು ನನಗೇನಾಗಬೇಕು, ತಲೆ ಬುಡ ತಿಳಿಯಲಿಲ್ಲ. ಆದರೆ ಅಕ್ಕ ತೂಕ ಹೇಳಿದರೆ ಅದಕ್ಕೆ ಎದುರಾಡುವ ಹಾಗಿಲ್ಲ. ಗುಜರಿ ಕಬ್ಬಿಣದ ಯಾರ್ಡಿನಲ್ಲಿ ಲಾರಿ ತೂಗುವ ಕೆಲಸದಲ್ಲಿ ಅವಳಿಗೆ ಮೂವತ್ತು ವರ್ಷವಾಗಿತ್ತು. ಒಂದು ಗಾಜಿನ ಕಿಟಕಿ, ಒಂದು ಸ್ಟೂಲು, ಚೀಟಿ ಉಗುಳುವ ಒಂದು ಪ್ರಿಂಟರು, ಗೋಡೆಯ ಮೇಲೆ ಕೆಂಪು ಅಂಕಿ. ಲಾರಿಯವರು ಅವಳನ್ನು ಕರೆಯುವುದೇ ತೂಕದಕ್ಕ ಎಂದು. ಒಪ್ಪಿದ ತೂಕಕ್ಕಿಂತ ಒಂದು ಅಂಕಿ ಮೇಲೆ ಹೋದರೂ ಲಾರಿ ವಾಪಸ್. ಆರಡಿ ಆಳುಗಳು ಕಿಟಕಿಗೆ ತಲೆ ತೂರಿಸಿ, “ಸ್ವಲ್ಪ ನೋಡಿ ಅಕ್ಕಾ” ಎಂದು ಹಲ್ಲು ಗಿಂಜುತ್ತಿದ್ದರು. “ನಾನೇನು ನೋಡೋದು, ಮಿಷನ್ನೇ ನೋಡಿದೆಯಲ್ಲ” ಎನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಸಂಜೆ ಚಹಾ ಕುಡಿಯುವಾಗ ವಿಷಯ ಹೊರಬಿತ್ತು. ಊರಾಚೆ ಕಾರು ರೇಸಿಗೆಂದು ಕಟ್ಟಿದ ಟ್ರ್ಯಾಕ್ ಒಂದಿದೆ. ವರ್ಷಕ್ಕೊಂದು ದಿನ ಸಾಮಾನ್ಯ ಜನರನ್ನೂ ಅವರವರ ಕಾರಿನಲ್ಲಿ ಅಲ್ಲಿ ಓಡಿಸಲು ಬಿಡುತ್ತಾರೆ. ಅಕ್ಕ ಹೆಸರು ಕೊಟ್ಟು ಬಂದಿದ್ದಳು. ಅರ್ಜಿಯಲ್ಲಿ ಒಂದು ಪಟ್ಟಿ. ಅದರಲ್ಲಿ ಸಣ್ಣ ಕಾರಿನ ಎದುರು, ಓಡಿಸುವವರೂ ಸೇರಿ ಏಳುನೂರು ಕಿಲೋ ಎಂದಿತ್ತು.

“ನಾನು ಕೂತ್ರೆ ಏಳುನೂರ ಅರವತ್ತು ಬರುತ್ತೆ. ಇಳಿಸ್ಲಿಲ್ಲ ಅಂದ್ರೆ ದೊಡ್ಡ ಕಾರುಗಳ ಜೊತೆ ಬಿಡ್ತಾರೆ ಕಣೋ. ಅವು ನನ್ನನ್ನ ನುಂಗಿ ನೀರು ಕುಡೀತವೆ.”

“ಮುಂದಿನ ವರ್ಷ ಹೋದ್ರಾಯ್ತು ಬಿಡಕ್ಕಾ.”

“ಮುಂದಿನ ತಿಂಗಳು ಮಂಡಿ ಆಪರೇಷನ್ನು. ಆಮೇಲೆ ಕ್ಲಚ್ ತುಳಿಯೋಕಾಗುತ್ತೋ ಇಲ್ವೋ, ಡಾಕ್ಟರೇ ಬಾಯಿ ಬಿಡ್ತಿಲ್ಲ. ಮೂವತ್ತು ವರ್ಷ ಬೇರೆಯವರ ಗಾಡಿ ಹೋಗೋದನ್ನೇ ನೋಡಿದೀನಿ. ಒಂದು ಸಲ ನಾನೂ ಹೋಗ್ತೀನಿ.”

ಅಕ್ಕ ತನಗೆಂದು ಏನನ್ನಾದರೂ ಬೇಕು ಅಂದಿದ್ದು ನಾನು ಕೇಳಿದ್ದು ಅದೇ ಮೊದಲು. ಸ್ಪಾನರ್ ತೆಗೆದುಕೊಂಡು ಎದ್ದೆ.

ಆ ವಾರವೆಲ್ಲ ನಾನೇ ಕೂರಿಸಿದ್ದನ್ನು ನಾನೇ ಕಿತ್ತೆ. ಸ್ಟೆಪ್ನಿ ಮತ್ತು ಜಾಕು ಹೋದವು. ನೆಲದ ಕಾರ್ಪೆಟ್ಟು ಹೋಯಿತು. ದಿನಾ ಸಂಜೆ ಯಾರ್ಡಿಗೆ ಹೋಗಿ, ಲಾರಿ ನಿಲ್ಲುವ ಆ ದೊಡ್ಡ ಹಲಗೆಯ ಮೇಲೆ ಅಕ್ಕ ಒಳಗೆ ಕೂತಂತೆಯೇ ಈ ಪುಟ್ಟ ಕಾರು ನಿಲ್ಲಿಸಿ ಅಂಕಿ ನೋಡುವುದು. ಏಳುನೂರ ನಲವತ್ತು, ಏಳುನೂರ ಇಪ್ಪತ್ತು, ಏಳುನೂರು. ಬಾಗಿಲಿನ ಒಳಹೊದಿಕೆ, ಸ್ಪೀಕರು, ಮೇಲ್ಛಾವಣಿಯ ಬಟ್ಟೆ ಎಲ್ಲ ಕಿತ್ತ ದಿನವೂ ಅದೇ ಏಳುನೂರು. ನಾನು ಕೆಳಗೆ ಬಗ್ಗಿ ಚಕ್ರ ನೋಡಿದೆ, ಹಲಗೆ ನೋಡಿದೆ, ಕೊನೆಗೆ ನನ್ನ ಕೈಯನ್ನೇ ನೋಡಿಕೊಂಡೆ. ಅಷ್ಟೆಲ್ಲ ಹೊತ್ತು ಹಾಕಿದ್ದು ಎಲ್ಲಿ ಹೋಯಿತು?

“ಇದು ಲಾರಿ ತೂಗೋ ಮಿಷನ್ನು, ಇಪ್ಪತ್ತಿಪ್ಪತ್ತೇ ಎಣಿಸೋದು” ಎಂದಳು ಅಕ್ಕ. “ಏಳುನೂರು ಅಂತ ತೋರಿಸಿದ್ರೆ ಏಳುನೂರ ಒಂಬತ್ತೂ ಇರಬಹುದು, ಆರುನೂರ ತೊಂಬತ್ತೂ ಇರಬಹುದು. ಇನ್ನೊಂದು ಮೆಟ್ಟಿಲು ಇಳೀಲೇಬೇಕು.”

“ಇನ್ನೇನು ಉಳಿದಿದೆ ಇಳಿಸೋಕೆ?”

ಅಕ್ಕ ತನ್ನ ಪಕ್ಕದ ಸೀಟು ನೋಡಿದಳು.

ಅದು ನನ್ನ ಸೀಟು. ಕಾರು ಕೊಂಡ ದಿನದಿಂದ ಅದರಲ್ಲಿ ಕೂತವನು ನಾನು. ನನ್ನ ಹೆಂಡತಿ ಕೂಡ ಹಿಂದೆಯೇ ಕೂರುತ್ತಿದ್ದಳು. ಅಮ್ಮ ತೀರಿಕೊಂಡಾಗ ನನಗೆ ಏಳು, ಅಕ್ಕನಿಗೆ ಹತ್ತೊಂಬತ್ತು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಅಕ್ಕನಿಗೆ ಬಂದ ಒಂದು ಒಳ್ಳೆಯ ಸಂಬಂಧದವರು, ತಮ್ಮನನ್ನು ಜೊತೆಗೆ ಕರೆತರುವ ಹಾಗಿಲ್ಲ ಎಂದರು. ಅಕ್ಕ, ಹಾಗಾದರೆ ನಾನೂ ಬರುವ ಹಾಗಿಲ್ಲ ಎಂದಳು. ನೆಂಟರ ಮನೆಗೆ ಹೋದಾಗಲೆಲ್ಲ ಯಾರಾದರೊಬ್ಬ ಚಿಕ್ಕಮ್ಮನೋ ಅತ್ತೆಯೋ, “ಪಾಪ, ತಮ್ಮನ ಭಾರ ಹೊತ್ತೇ ಸವೆದುಹೋದಳು” ಎನ್ನುತ್ತಿದ್ದರು, ನನ್ನ ತಟ್ಟೆಗೆ ಬಡಿಸುತ್ತಲೇ. ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು. ನನಗೆ ನಲವತ್ತೇಳು ತುಂಬಿದರೂ ಅದು ಪೂರ್ತಿ ಇಳಿದಿಲ್ಲ.

ನಾಲ್ಕನೆಯ ಬೋಲ್ಟು ಬಿಚ್ಚುವಾಗ ನನ್ನ ಕೈ ನಿಂತಿತು. ಹಗುರಾಗಬೇಕು, ಒಂಟಿಯಾಗಿ ಹೋಗಬೇಕು ಎನ್ನುವುದು ಅವಳ ಆಸೆ. ಅದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಮತ್ತೆ ನನಗೇಕೆ ಅಳು ಬರಬೇಕು? ಬೋಲ್ಟು ಬಿಚ್ಚಿ ಸೀಟು ಕೆಳಗಿಳಿಸಿದೆ. ಅಕ್ಕ ಸೀಟನ್ನು ಒಂದು ಕೈಯಲ್ಲಿ ಎತ್ತಿ ನೋಡಿ, “ಹದಿನಾಲ್ಕು” ಎಂದಳು. ಅಷ್ಟೇ. ಮಿಷನ್ನು ಆರುನೂರ ಎಂಬತ್ತು ತೋರಿಸಿತು. ಅಕ್ಕ ಚೀಟಿ ಹರಿದು ಬ್ಯಾಗಿಗೆ ಹಾಕಿಕೊಂಡು ಚಿಕ್ಕ ಹುಡುಗಿಯ ಹಾಗೆ ನಕ್ಕಳು.

ಮನೆಯಲ್ಲಿ ಹೆಂಡತಿ ಕೇಳಿದಳು, “ಅತ್ತಿಗೆಗೆ ಏನಾಗಿದೆ ರೀ?”

“ಗೊತ್ತಿಲ್ಲ.”

“ನಿಮಗೇನಾಗಿದೆ?”

“ಅದೂ ಗೊತ್ತಿಲ್ಲ.”

ಆ ದಿನ ಬಂತು. ಅಕ್ಕ ಕಾರಿನಲ್ಲಿ ಮುಂದೆ, ನಾನು ಅಂಗಡಿಯ ವ್ಯಾನಿನಲ್ಲಿ ಹಿಂದೆ. ಎರಡು ಗಂಟೆಯ ದಾರಿ. ವ್ಯಾನಿನಲ್ಲಿ ಸ್ಪಾನರ್ ಪೆಟ್ಟಿಗೆಯ ಪಕ್ಕ ನನ್ನ ಸೀಟೂ ಇತ್ತು. ಅದನ್ನು ಯಾಕೆ ಹಾಕಿಕೊಂಡೆ ಎಂದು ಕೇಳಿದರೆ ಹೇಳಲಾರೆ. ಅಂಗಡಿಯಲ್ಲಿ ಒಂದೇ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಟ್ರ್ಯಾಕಿನ ಬಾಗಿಲಲ್ಲಿ ಕಿತ್ತಳೆ ಟೋಪಿಯ ತಪಾಸಣೆಯವನು ನಾಲ್ಕು ಚಕ್ರದಡಿಗೂ ಒಂದೊಂದು ಚಪ್ಪಟೆ ತಕ್ಕಡಿ ಇಡಿಸಿದ. ಅಕ್ಕ ಒಳಗೆ ನೆಟ್ಟಗೆ ಕೂತಿದ್ದಳು. ಆರುನೂರ ಎಪ್ಪತ್ತೆಂಟು.

“ಆಗಲ್ಲಮ್ಮ” ಎಂದ ಅವನು. “ಕಡಿಮೆ ಇದೆ.”

“ಹೌದು, ಕಡಿಮೆ ಇದೆ” ಎಂದಳು ಅಕ್ಕ ಹೆಮ್ಮೆಯಿಂದ. “ಮತ್ಯಾಕೆ ಆಗಲ್ಲ?”

“ಕಡಿಮೆ ಇರೋದಕ್ಕೇ ಆಗಲ್ಲ.”

ಅಕ್ಕ ನನ್ನ ಮುಖ ನೋಡಿದಳು. ನಾನು ಅವನ ಮುಖ ನೋಡಿದೆ. ಅವನು ಅರ್ಜಿಯ ಹಿಂಬದಿ ತಿರುಗಿಸಿ ತೋರಿಸಿದ. ಸಣ್ಣ ಕಾರು ಏಳುನೂರಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಮೇಲೆ ಎಷ್ಟಿದ್ದರೂ ಅವರವರ ಪಾಡು. ಇಲ್ಲದಿದ್ದರೆ ಜನ ಎಲ್ಲ ಕಿತ್ತು ಬರೀ ಡಬ್ಬ ತಂದು ಗೆದ್ದುಬಿಡುತ್ತಾರಂತೆ.

ಅಕ್ಕ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದಳು. ವಾಹನದ ಎದುರು ಒಂದು ಅಂಕಿ ಬರೆದಿದ್ದರೆ ಅದನ್ನು ಮೀರಬಾರದು, ಮೂವತ್ತು ವರ್ಷ ಅವಳು ಕಂಡಿದ್ದು ಅದೊಂದೇ. ಮುಟ್ಟಲೇಬೇಕಾದ ಅಂಕಿಯೂ ಒಂದು ಇರಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ. ಹಾಳೆ ತಿರುಗಿಸಿ ನೋಡುವ ಬುದ್ಧಿ ನನಗೂ ಬರಲಿಲ್ಲ.

“ಕಲ್ಲು ಇಟ್ಕೊಳ್ಳಲಾ?”

“ಬಿಡಿ ಸಾಮಾನು ಒಳಗಿರೋ ಹಾಗಿಲ್ಲ. ಬೋಲ್ಟ್ ಹಾಕಿ ಬಿಗಿದಿರಬೇಕು. ನನ್ನ ಹತ್ರ ಹತ್ತು ಕಿಲೋದ ತಗಡು ಒಂದಿದೆ. ನಿಮಗೆ ಇಪ್ಪತ್ತೆರಡು ಬೇಕು. ನಿಮ್ಮ ಸರದಿಗೆ ಇನ್ನು ಅರ್ಧ ಗಂಟೆ ಅಷ್ಟೇ.”

“ಸ್ವಲ್ಪ ನೋಡಿ ಸಾರ್” ಎಂದಳು ಅಕ್ಕ. ಅವಳ ಬಾಯಲ್ಲಿ ಆ ಮಾತು!

“ನಾನೇನಮ್ಮ ನೋಡೋದು, ಮಿಷನ್ನೇ ನೋಡಿದೆಯಲ್ಲ.”

ಅಕ್ಕ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡಳು. ಅವಳ ಮುಖ ನೋಡಲಾಗಲಿಲ್ಲ. ನಾನು ವ್ಯಾನಿಗೆ ಓಡಿದೆ. ಬಿಚ್ಚಿದ ಸೀಟಿನ ಬೋಲ್ಟುಗಳನ್ನು ಚೀಲಕ್ಕೆ ಹಾಕಿ ಅದೇ ಸೀಟಿನ ಅಡಿಗೆ ಕಟ್ಟಿಡುವುದು ನನ್ನ ಕಸುಬಿನ ಅಭ್ಯಾಸ. ಸೀಟು ಹೊತ್ತು ತಂದೆ.

“ಇದನ್ಯಾಕೋ ತಂದೆ?” ಎಂದಳು ಅಕ್ಕ, ಕಣ್ಣರಳಿಸಿ.

“ಗೊತ್ತಿಲ್ಲಕ್ಕಾ. ಸ್ವಲ್ಪ ಆ ಕಡೆ ಸರಿ.”

ಹತ್ತು ನಿಮಿಷದಲ್ಲಿ ಬಿಗಿದೆ. ಆರುನೂರ ತೊಂಬತ್ತೆರಡು. ಸೀಟ್ ಬೆಲ್ಟನ್ನು ನಾವು ಬಿಚ್ಚಿರಲಿಲ್ಲ. ತಪಾಸಣೆಯವನು ಅದನ್ನು ಎಳೆದು ನೋಡಿ ಲೆಕ್ಕ ಹಾಕಿದ. “ಇನ್ನೂ ಎಂಟು ಕಡಿಮೆ. ನನ್ನ ತಗಡು ಹಾಕಿದ್ರೆ ಏಳುನೂರ ಎರಡು, ಗಾಡಿ ಚೆನ್ನಾಗಿ ಓಡುತ್ತೆ. ಪಕ್ಕದಲ್ಲಿ ಇವರನ್ನ ಕೂರಿಸಿಕೊಂಡ್ರೂ ನಡೆಯುತ್ತೆ. ಆದ್ರೆ ಗಾಡಿ ಭಾರ ಆಗುತ್ತಮ್ಮ.”

ನಾನು ಪಕ್ಕಕ್ಕೆ ಸರಿದು, “ತಗಡೇ ಹಾಕಿ ಸಾರ್” ಎಂದೆ. ಅವಳು ಹಗುರಾಗಿ ಹೋಗಲಿ. ನಿಜವಾಗಿಯೂ ಹಾಗೇ ಬಯಸಿದೆ.

“ತಗಡು ಬೇಡ” ಎಂದಳು ಅಕ್ಕ. “ಅದರ ತೂಕ ನೀವು ಹೇಳಿದ್ದು. ಇವನ ತೂಕ ನನಗೇ ಗೊತ್ತು. ಲೋ, ಹತ್ತಿ ಕೂತ್ಕೊ. ಹೆಲ್ಮೆಟ್ ಹಾಕ್ಕೊ.”

ಏಳುನೂರ ಐವತ್ತೆಂಟು. ಯಾರ್ಡಿನ ಮಿಷನ್ನಾಗಿದ್ದರೆ ಏಳುನೂರ ಅರವತ್ತೇ ತೋರಿಸುತ್ತಿತ್ತು. ವಾರವೆಲ್ಲ ಬೆವರು ಸುರಿಸಿ ನಾವು ಹೊರಟಲ್ಲಿಗೇ ಬಂದಿದ್ದೆವು.

ಐದು ಸುತ್ತು ಹೊಡೆದಳು. ಹೊದಿಕೆಯಿಲ್ಲದ ಆ ತಗಡು ಡಬ್ಬ ಕಿವಿ ತೂತಾಗುವಂತೆ ಗಡಗಡಿಸಿತು. ತಿರುವಿನಲ್ಲಿ ನಾನು ಕಿರುಚಿದೆ, ನೇರ ದಾರಿಯಲ್ಲಿ ಅಕ್ಕ ಕಿರುಚಿದಳು. ಎಲ್ಲರೂ ನಮ್ಮನ್ನು ದಾಟಿ ಹೋದರು. ಅಕ್ಕನಿಗೆ ಅದರ ಪರಿವೆಯೇ ಇರಲಿಲ್ಲ, ನಗುತ್ತಲೇ ಇದ್ದಳು.

ನಿಲ್ಲಿಸಿದ ಮೇಲೆ ಇಳಿಯಲು ಆಗಲಿಲ್ಲ. ಮಂಡಿ ಹಿಡಿದುಕೊಂಡಿತ್ತು. ನಾನು ಸುತ್ತಿ ಬಂದು ಬಾಗಿಲು ತೆಗೆದು ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ.

“ಎಷ್ಟು ಕಿಲೋ ಇದೀನೋ?” ಎಂದಳು ನನ್ನ ಹೆಗಲಿಗೆ ಒರಗಿ.

“ನೋಡ್ಲಿಲ್ಲಕ್ಕಾ” ಎಂದೆ.

ವ್ಯಾನಿನ ತನಕ ಹಾಗೇ ನಡೆದೆ.