ಊರಿಗೊಂದು ಮತ

ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನ ಆ ಸಭೆಗೆ ಉಮೆಯೊದಿಂದ ಹೊರಟವರು ನಾವಿಬ್ಬರು: ನಾನು ಮತ್ತು ನನ್ನ ಲ್ಯಾಬಿನಲ್ಲೇ ಸಂಶೋಧನೆ ಮಾಡುತ್ತಿದ್ದ ಧಾರವಾಡದ ಅಕ್ಕ. ರೈಲಿನುದ್ದಕ್ಕೂ ಅವಳ ತೊಡೆಯ ಮೇಲೆ ಖಡಕ್ ರೊಟ್ಟಿಯ ಡಬ್ಬಿ. ಮೂರು ಊರಿನ ಕನ್ನಡ ಕೂಟಗಳು ಸೇರಿ ಒಕ್ಕೂಟವಾಗಬೇಕೆಂಬುದು ಎಲ್ಲರ ಆಸೆಯೇ. ಹೇಗೆ ಎಂಬಲ್ಲಿ ಜಗಳ.

ಕಾರ್ಲ್‌ಸ್ಕ್ರೂನಾದ ಅಧ್ಯಕ್ಷರು ಫಿಕಾ ಎಂಬ ಇಲ್ಲಿನ ಕಾಫಿ ವಿರಾಮ ಮುಗಿಯುವ ಮೊದಲೇ ಶುರು ಮಾಡಿದರು. "ಸಿಂಪಲ್ಲು. ಮೆಂಬರ್‌ಗೊಂದು ವೋಟು. ರಾಜ್ಯೋತ್ಸವ ಒಂದೇ ಕಡೆ ಗ್ರ್ಯಾಂಡಾಗಿ ಮಾಡೋಣ. ಜನ ಜಾಸ್ತಿ ಇರೋದು ನಮ್ಮೂರಲ್ಲೇ ಅಲ್ವಾ?"

ನನ್ನ ಮೈ ಉರಿಯಿತು. ಉಮೆಯೊದಲ್ಲಿ ನಾವಿದ್ದದ್ದು ಬೆರಳೆಣಿಕೆಯಷ್ಟು ಜನ. ಈ ಲೆಕ್ಕದಲ್ಲಿ ನಮ್ಮ ರಾಜ್ಯೋತ್ಸವ ಅಲ್ಲಿಗೇ ಮುಗಿದಂತೆ. ಉತ್ತರದ ಉಮೆಯೊದಿಂದ ದಕ್ಷಿಣ ತುದಿಯ ಕಾರ್ಲ್‌ಸ್ಕ್ರೂನಾಗೆ ಕೈಕೂಸುಗಳನ್ನು ಕಟ್ಟಿಕೊಂಡು ಯಾರು ಬರುತ್ತಾರೆ? ಸಂವಿಧಾನ, ರಾಜ್ಯಗಳ ಹಕ್ಕು ಎಂದೆಲ್ಲ ಇಂಗ್ಲಿಷಿನಲ್ಲಿ ಒದರಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಊಟಕ್ಕೆ ಅಕ್ಕ ಡಬ್ಬಿ ತೆರೆದಳು. ಅಧ್ಯಕ್ಷರು ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡರು. "ಸೂಪರ್ ಮೇಡಂ. ಫಂಕ್ಷನ್‌ಗೆ ಎಲ್ರಿಗೂ ಇದನ್ನ ನೀವೇ ಮಾಡ್ಬಿಡಿ."

ಬೇರೆ ಕಡೆಯ ಕನ್ನಡಿಗರ ನಡುವೆ ಸದಾ ಬೆಂಗಳೂರಿನ ಮಾತಾಡುವ ಅಕ್ಕ, ಅಂದು ಅದನ್ನು ಪಕ್ಕಕ್ಕಿಟ್ಟಳು.

"ಒಬ್ಬರ ಒಲಿ ಮ್ಯಾಲ ಎಲ್ಲಾರ ಅಡಗಿ ಆಗೂದಿಲ್ರಿ. ನಮ್ಮ ರೊಟ್ಟಿ ನಾವ ಬಡೀತೀವಿ, ನಿಮ್ಮ ಅನ್ನ ನೀವ ಮಾಡ್ರಿ. ಉಣ್ಣಾಕ ಕೂಡಿ ಕೂಡೂಣು." ಕಾರ್ಲ್‌ಸ್ಟಾಡ್‌ನವರ ಕಡೆ ತಿರುಗಿ ಸೇರಿಸಿದಳು: "ಇವತ್ತ ನಮ್ಮ ಒಲಿ ಆರಿದ್ರ, ನಾಳೆ ನಿಮ್ಮದು."

ಅವರು ಮುಖ ಮುಖ ನೋಡಿಕೊಂಡರು. ಅವರೂ ಕಾರ್ಲ್‌ಸ್ಕ್ರೂನಾದವರಿಗಿಂತ ಕಡಿಮೆಯೇ ಇದ್ದರು. ಊಟದ ನಂತರ ಅವರ ಕೈಗಳೆಲ್ಲ ನಮ್ಮ ಪರ ಎದ್ದವು. ಊರಿಗೊಂದು ಮತ. ರಾಜ್ಯೋತ್ಸವ ಆಯಾ ಊರಿನದು. ಮಕ್ಕಳ ಕನ್ನಡ ಪಾಠ, ಕರ್ನಾಟಕದಿಂದ ಕಲಾವಿದರನ್ನು ಕರೆಸುವುದು ಒಕ್ಕೂಟದ್ದು. ಅಧ್ಯಕ್ಷರು ಇನ್ನೊಂದು ರೊಟ್ಟಿ ತೆಗೆದುಕೊಂಡರು. ವಾಪಸು ರೈಲಿನಲ್ಲಿ ನನಗೆ ಸ್ವರ್ಗಕ್ಕೆ ಮೂರೇ ಗೇಣು.

ನವೆಂಬರ್ ಬಂತು. ಉಮೆಯೊದ ಬಾಡಿಗೆ ಹಾಲಿನ ಹೊರಗೆ ಹಿಮ, ಒಳಗೆ ನಮ್ಮದೇ ಹಳದಿ ಕೆಂಪು ಬಾವುಟ. ಎಲೆ ಹಾಕುವ ಹೊತ್ತಿಗೆ ಬಾಗಿಲು ತೆರೆಯಿತು. ಟೋಪಿಯ ಹಿಮ ಕೊಡವುತ್ತ ಅಧ್ಯಕ್ಷರು ನಿಂತಿದ್ದರು, ಕೈಯಲ್ಲಿ ದೊಡ್ಡ ಪಾತ್ರೆ.

"ಬಿಸಿಬೇಳೆಬಾತ್. ನಮ್ಮನೇಲೇ ಮಾಡಿದ್ದು," ಎಂದರು.

ಅಕ್ಕ ಪಾತ್ರೆ ಇಸಿದುಕೊಂಡು ತನ್ನೂರಿನ ದನಿಯಲ್ಲೇ, ಹಾಲಿಗೆಲ್ಲ ಕೇಳುವಂತೆ ಹೇಳಿದಳು: "ಬರ್ರಿ, ಕೂಡ್ರಿ. ಉಣ್ಣೂಣು."